ತೆಂಗಿನಕಾಯಿ ಕಾಣುವ ಕಣ್ಣು

ನನ್ನ ಎಡಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕಾಫಿ ಲೋಟ ಹಿಡಿದರೆ ಅದೊಂದು ಬೆರಳು ಸೆಟೆದು ನಿಂತಿರುತ್ತದೆ. ಮೊಮ್ಮಕ್ಕಳು "ಅಜ್ಜಿಯ ಸ್ಟೈಲು ನೋಡಿ" ಎಂದು ನಗುತ್ತಾರೆ. ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ನಾಲ್ಕನೆಯ ತರಗತಿಯಲ್ಲಿ ಮಾಷ್ಟ್ರು ಬೆತ್ತದಲ್ಲಿ ಹೊಡೆದು ಮುರಿದ ಬೆರಳು ಅದು. ಹೊಡೆದದ್ದು ಪಾಠ ಓದಲಿಲ್ಲವೆಂದು. ನಾನು ಓದದೆ ಇದ್ದದ್ದು ಅಕ್ಷರ ಕಾಣದೆ. ಕಾಣುವುದಿಲ್ಲ ಎಂದು ಹೇಳಿದ್ದೆ, ಅತ್ತು ಹೇಳಿದ್ದೆ, ಕಿರುಚಿ ಹೇಳಿದ್ದೆ. ಒಬ್ಬರೂ ನಂಬಲಿಲ್ಲ. ಆ ಸಿಟ್ಟು ಎಂಬತ್ತರ ಈ ವಯಸ್ಸಿನಲ್ಲೂ ನನ್ನಲ್ಲಿ ಆರಿಲ್ಲ, ಆರುವುದೂ ನನಗೆ ಬೇಕಾಗಿಲ್ಲ.

ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ. ಮಡಿಕೇರಿಯಲ್ಲೇ ನಮ್ಮ ಸರ್ಕಾರ, ನಮ್ಮದೇ ಮಂತ್ರಿಗಳು. ನಮ್ಮ ಮನೆ ನಾಪೋಕ್ಲಿನಿಂದ ಒಂದು ಗಂಟೆ ನಡೆಯುವಷ್ಟು ದೂರದಲ್ಲಿ, ಗದ್ದೆಯ ಅಂಚಿಗೆ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕೆಲಸಕ್ಕೆ ಬರುವವರ ಜೊತೆ ಮಲಯಾಳ, ಎಲ್ಲವೂ ಒಂದೇ ಬಾಯಲ್ಲಿ ನಡೆಯುತ್ತಿತ್ತು. ಅಪ್ಪ ಪಲ್ಟನ್ನಿನಿಂದ ಬಂದವನು. ಬರ್ಮಾ ನೋಡಿ ಬಂದಿದ್ದ. ಅಲ್ಲಿಂದ ಒಂದು ಕೆಟ್ಟ ಕೆಮ್ಮನ್ನೂ ಅದಕ್ಕಿಂತ ಕೆಟ್ಟ ಕೋಪವನ್ನೂ ತಂದಿದ್ದ. ನಾನು ಹಿರಿಯವಳು, ನನ್ನ ಕೆಳಗೆ ಇನ್ನೂ ತೊಟ್ಟಿಲು ಬಿಡದ ತಮ್ಮ. ಗಂಡುಮಗ ದೊಡ್ಡವನಾಗುವವರೆಗೆ ಕಾಯುವ ತಾಳ್ಮೆ ಇಲ್ಲದೆ ಅಪ್ಪ ಕೋವಿ ಹಿಡಿಯುವುದನ್ನು ನನಗೇ ಕಲಿಸಿದ. ಬಾಯಿಯಿಂದ ಮದ್ದು ತುಂಬಿ ಗಜದ ಸಲಾಕೆಯಿಂದ ಜಡಿಯುವ ಹಳೆಯ ಕೇಪು ಕೋವಿ ಅದು. ಹೊಡೆದಾಗಲೆಲ್ಲ ಹೆಗಲು ಕಿತ್ತು ಹೋಗುವಂತೆ ಒದೆಯುತ್ತಿತ್ತು. ಅತ್ತರೆ ಅಪ್ಪನ ಕೈಯೂ ಒದೆಯುತ್ತಿತ್ತು. ಹಾಗಾಗಿ ಅಳದೆ ಕಲಿತೆ.

ನನ್ನ ಕಣ್ಣಿನ ಕಾಟ ಏನೆಂದು ಮೊದಲೇ ಹೇಳಿಬಿಡುತ್ತೇನೆ. ದೂರದ್ದು ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಆಚೆ ಗುಡ್ಡದಲ್ಲಿ ಮೇಯುವ ದನ ಯಾರ ಮನೆಯದು ಎಂದು ಬಣ್ಣ ನೋಡಿ ಹೇಳುತ್ತಿದ್ದೆ. ಹತ್ತಿರದ್ದು ಕಾಣುತ್ತಿರಲಿಲ್ಲ. ಅದೂ ಪೂರ್ತಿ ಕಾಣದೆ ಇದ್ದಿದ್ದರೆ ನನ್ನ ಬದುಕು ಸುಲಭವಾಗುತ್ತಿತ್ತು. ಪುಸ್ತಕ ತೆರೆದ ಕೂಡಲೇ ಮೊದಲ ಸಾಲು ಕಾಣುತ್ತಿತ್ತು, ಕಣ್ಣಿಗೆ ಜೋರು ಮಾಡಿದರೆ ಎರಡನೆಯದರ ಅರ್ಧವೂ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅಕ್ಷರಗಳ ಮೇಲೆ ಯಾರೋ ಒದ್ದೆ ಬಟ್ಟೆ ಎಳೆದಂತೆ ಎಲ್ಲ ಕಲಸಿಹೋಗುತ್ತಿತ್ತು. ಹುಬ್ಬಿನ ನಡುವೆ ಯಾರೋ ಉಳಿ ಇಟ್ಟು ಬಡಿಯುವಷ್ಟು ತಲೆನೋವು ಬರುತ್ತಿತ್ತು. ಕಣ್ಣುಗುಡ್ಡೆ ತಾನಾಗಿ ಮೂಗಿನ ಕಡೆ ಹೊರಳುತ್ತಿತ್ತು. ಹಿಂದಿನ ಬೆಂಚಿನವರು ನನ್ನನ್ನು ಮಾಲುಗಣ್ಣಿ ಎಂದು ಕರೆಯುತ್ತಿದ್ದರು, ನಾನು ಅವರ ಕೂದಲು ಹಿಡಿದು ಗೋಡೆಗೆ ಗುದ್ದುತ್ತಿದ್ದೆ.

ಮಾಷ್ಟ್ರಿಗೆ ಆ ಮೊದಲ ಸಾಲೇ ಸಾಕ್ಷಿ. "ಮೊದಲ ಸಾಲು ಗಡಗಡ ಓದಿದೆಯಲ್ಲ, ಎರಡನೆಯ ಸಾಲಿಗೆ ಏನು ಹುಲಿ ಬಂತಾ?" ಎನ್ನುತ್ತಿದ್ದರು. ಬೆತ್ತ ಆಮೇಲೆ ಬರುತ್ತಿತ್ತು. ಅವರು ಮಡಿಕೇರಿ ಕಡೆಯವರು, ಬೆಳ್ಳನೆ ಪಂಚೆ, ಬೋಳುತಲೆಯ ಹಿಂದೊಂದು ಗಿಡ್ಡ ಜುಟ್ಟು. ನಾಲ್ಕು ತರಗತಿಗಳಿಗೂ ಅವರೊಬ್ಬರೇ. ಉಳಿದ ಮಕ್ಕಳಿಗೆ ಹೊಡೆಯುವಾಗ ಅವರಿಗೆ ಬೇಸರವಿರುತ್ತಿತ್ತು, ನನಗೆ ಹೊಡೆಯುವಾಗ ಹುರುಪು. ಸುಳ್ಳು ಹೇಳುವ ಮಗುವನ್ನು ತಿದ್ದುವುದು ಪುಣ್ಯದ ಕೆಲಸವೆಂದು ಅವರು ನಿಜವಾಗಿಯೂ ನಂಬಿದ್ದರು.

ಒಂದು ಉಪಾಯ ನಾನೇ ಕಂಡುಹಿಡಿದಿದ್ದೆ. ಪುಸ್ತಕವನ್ನು ನೆಲದ ಮೇಲೆ ತೆರೆದಿಟ್ಟು ಎದ್ದು ನಿಂತರೆ ಅಕ್ಷರ ಸಣ್ಣದಾದರೂ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಒಂದು ದಿನ ಹಾಗೇ ಓದಲು ಶುರುಮಾಡಿದೆ. ನಾಲ್ಕು ಸಾಲು ದಾಟಿದ್ದೆ. ಮಾಷ್ಟ್ರು ಬೋರ್ಡಿನ ಕಡೆಯಿಂದ ತಿರುಗಿ ನೋಡಿದವರೇ ಓಡಿಬಂದರು.

"ಸರಸ್ವತಿಯನ್ನು ಕಾಲಡಿಗೆ ಹಾಕ್ತೀಯಾ, ಪಾಪಿ!"

ಆ ದಿನ ಅಂಗೈ ಬಿಟ್ಟು ಮೀನಖಂಡಕ್ಕೆ ಹೊಡೆದರು. ಚರ್ಮ ಒಡೆದು ರಕ್ತ ಪಾದಕ್ಕಿಳಿಯಿತು. ಗದ್ದೆ ಬದುವಿನ ಮೇಲೆ ಮನೆಗೆ ಬರುವಾಗ ಜಿಗಣೆಗಳಿಗೆ ನನ್ನ ಕಾಲು ಹಬ್ಬದೂಟವಾಯಿತು. ಅವ್ವ ಉಪ್ಪು ಹಾಕಿ ಜಿಗಣೆ ಕಿತ್ತಳು, ಆ ಉಪ್ಪು ಗಾಯಕ್ಕೂ ಬಿತ್ತು. ನಾನು ಕೂಗಿದ್ದಕ್ಕೆ ಬೆನ್ನಿಗೊಂದು ಹಾಕಿದಳು. "ಎಂತಕೆ ಸುಳ್ಳ್ ಹೇಳಿ ಪೆಟ್ಟ್ ತಿಂಬದ್, ಗೂಡೆ?" ಎಂದಳು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಪ್ರೀತಿಗೂ ಅದೇ ಮಾತು, ಬೈಗುಳಕ್ಕೂ ಅದೇ.

ಮಾರನೆಯ ದಿನ ಅಪ್ಪ ಶಾಲೆಗೆ ಬಂದ. ನನ್ನ ಕಾಲು ನೋಡಿ ಜಗಳಕ್ಕೆ ಬಂದನೆಂದು ನಾನು ಒಳಗೊಳಗೇ ಕುಣಿದೆ. ಅಪ್ಪ ಜಗಲಿಯ ಮೆಟ್ಟಿಲ ಕೆಳಗೆ ನಿಂತು ಮಾಷ್ಟ್ರಿಗೆ ಕೈಮುಗಿದ.

"ಮಾಷ್ಟ್ರೇ, ಕಣ್ಣೊಂದು ಬಿಟ್ಟು ಬೇರೆ ಎಲ್ಲಿಗೆ ಬೇಕಾದರೂ ಹೊಡೀರಿ. ನಾ ಒಂದು ಮಾತು ಕೇಳುವುದಿಲ್ಲ. ಎರಡು ವರ್ಷ ಫೇಲಾದಳು. ಈ ವರ್ಷವೂ ಫೇಲಾದರೆ ಶಾಲೆ ಬಿಡಿಸಿ ಕೊಟ್ಟಿಗೆಗೆ ಹಾಕ್ತೇನೆ, ಸೊಪ್ಪು ಹೊತ್ತು ಸಗಣಿ ಬಾಚಲಿ."

ನನಗೆ ಓದಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಸುಳ್ಳಿಯೆಂಬ ಹೆಸರು ಹೊತ್ತು ಕೊಟ್ಟಿಗೆಗೆ ಹೋಗಲು ನಾನು ಒಪ್ಪುವವಳಲ್ಲ. ಕಾಣುವುದಿಲ್ಲ ಎಂದರೆ ಕಾಣುವುದಿಲ್ಲ ಎಂದು ಒಬ್ಬರಾದರೂ ಒಪ್ಪಬೇಕು, ಆಮೇಲೆ ಸಗಣಿ ಬಾಚಲು ನಾನು ತಯಾರಿದ್ದೆ. ಆ ವರ್ಷವೆಲ್ಲ ನನಗೆ ಬೇಕಿದ್ದದ್ದು ಅದೊಂದೇ.

ಒಪ್ಪಿಸುವ ದಾರಿಯನ್ನು ಕೈಲ್ ಮುಹೂರ್ತ ಮುಚ್ಚಿತು. ನಾಟಿ ಮುಗಿದ ಮೇಲೆ ಬರುವ ಹಬ್ಬ ಅದು. ನೊಗ ನೇಗಿಲು ತೊಳೆದಿಟ್ಟು, ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮಾಡಿ, ಹಂದಿ ಕರಿ ಕಡುಬು ತಿಂದು, ಊರವರೆಲ್ಲ ಬಯಲಿನಲ್ಲಿ ಸೇರಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ನಮ್ಮ ಕಡೆ ಕಣ್ಣು ಪರೀಕ್ಷೆ ಅಂದರೆ ಅದೇ. ಮುದುಕರ ಕಣ್ಣು ಮಂಜಾಯಿತೋ ಇಲ್ಲವೋ, ಮದುವೆಯ ಗಂಡಿನ ಕಣ್ಣು ನೆಟ್ಟಗಿದೆಯೋ ಇಲ್ಲವೋ, ಎಲ್ಲವೂ ಆ ಬಯಲಿನಲ್ಲಿ ತೀರ್ಮಾನವಾಗುತ್ತಿತ್ತು. ತೆಂಗಿನಕಾಯಿ ಬಿತ್ತೋ, ಕಣ್ಣು ಸರಿ. ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ.

ಆ ವರ್ಷ ಗಂಡಸರ ಸರದಿಯಲ್ಲಿ ಕಾಯಿ ಬೀಳಲಿಲ್ಲ. ಗಾಳಿಯಿತ್ತು, ಹೊಟ್ಟೆಯಲ್ಲಿ ಸಾರಾಯಿಯೂ ಇತ್ತು. ಅಪ್ಪ ಕೋವಿಯನ್ನು ನನ್ನ ಕೈಗೆ ಕೊಟ್ಟ. ದೊಡ್ಡಪ್ಪಂದಿರು ಗೊಳ್ಳೆಂದು ನಕ್ಕರು. ನಾನು ಕೋವಿಯ ಹಿಂಬದಿಯನ್ನು ಹೆಗಲಿಗೆ ಒತ್ತಿ ಮೇಲೆ ನೋಡಿದೆ. ಕಾಯಿ ಬೋಳಾಗಿತ್ತು, ತುದಿಯಲ್ಲಿ ನಾರಿನ ಜುಟ್ಟು. ನನಗೆ ಅಲ್ಲಿ ಮಾಷ್ಟ್ರ ತಲೆಯೇ ನೇತಾಡುತ್ತಿತ್ತು. ಸುಳ್ಳು ಹೇಳುವುದಿಲ್ಲ, ತಲೆಯೆಂದೇ ಗುರಿಯಿಟ್ಟೆ, ತಲೆಯೆಂದೇ ಗುಂಡು ಹಾರಿಸಿದೆ. ಕಾಯಿ ಚೂರುಚೂರಾಗಿ, ಅದರ ನೀರು ಕೆಳಗೆ ನಿಂತವರ ಮುಖಕ್ಕೆ ಸಿಡಿಯಿತು. ನನಗೆ ಸಿಕ್ಕಾಪಟ್ಟೆ ಖುಷಿಯಾಯಿತು.

ಜನ ಹೋ ಎಂದರು. ಯಾರೋ ನನ್ನನ್ನು ಹೆಗಲಿಗೆ ಎತ್ತಿಕೊಂಡರು. ಇಳಿಸಿದಾಗ ಎದುರಿಗೆ ಅಪ್ಪ ನಿಂತಿದ್ದ. ಅವನ ಮುಖದಲ್ಲಿ ಹೆಮ್ಮೆ ಇತ್ತು, ನೋಡನೋಡುತ್ತ ಅದು ಕಪ್ಪಾಯಿತು.

"ಮರದ ತುದಿದ್ ಕಂಡದೆ, ಮೂಗಿನ ಎದುರಿದ್ ಕಾಣ್ದುಲೆನಾ?"

"ಅಪ್ಪಾ, ದೂರದ್ ಕಂಡದೆ, ಹತ್ರದ್ ಕಾಣ್ದುಲೆ" ಎಂದೆ. ನಿಜವನ್ನು ಇದಕ್ಕಿಂತ ಸರಿಯಾಗಿ ಇವತ್ತಿನ ಡಾಕ್ಟರೂ ಹೇಳಲಾರ. ಸುತ್ತ ನಿಂತವರು ನಕ್ಕರು. ದೂರದ್ದು ಕಂಡು ಹತ್ತಿರದ್ದು ಕಾಣದ ಕಣ್ಣು ಎಲ್ಲಾದರೂ ಉಂಟೇ? ಅಪ್ಪ ಆ ಜನರ ಮುಂದೆಯೇ ನನ್ನ ಜಡೆ ಹಿಡಿದು ಬಗ್ಗಿಸಿ, ಬೆನ್ನಿಗೆ ಗುದ್ದಿದ. ಹಬ್ಬದ ದಿನ ಕಾಯಿ ಹೊಡೆದು ಪೆಟ್ಟು ತಿಂದವಳು ಕೊಡಗಿನಲ್ಲಿ ನಾನೊಬ್ಬಳೇ ಇರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಮಳೆ ಬಿಟ್ಟ ಮೇಲೆ ಸರ್ಕಾರದ ಡಾಕ್ಟರು ಜೀಪಿನಲ್ಲಿ ಶಾಲೆಗೆ ಬಂದರು. ಮಕ್ಕಳ ಹಲ್ಲು, ಗಂಟಲು, ಕಣ್ಣು ನೋಡುವುದಕ್ಕೆಂದು ಊರೂರು ಸುತ್ತುತ್ತಿದ್ದವರು. ತಮಿಳು ಬೆರೆತ ಕನ್ನಡ, ನಗುಮುಖ. ಅವರ ಮುಖ ನೋಡಿಯೇ ನನಗೆ ಧೈರ್ಯ ಬಂತು. ಇವರಿಗೆ ಗೊತ್ತಾಗುತ್ತದೆ, ಇವರು ಓದಿದವರು, ಇವರು ಹೇಳಿದರೆ ಮಾಷ್ಟ್ರೂ ಒಪ್ಪಬೇಕು, ಅಪ್ಪನೂ ಒಪ್ಪಬೇಕು ಎಂದು ದೇವರಿಗೆ ಹರಕೆ ಕೂಡ ಹೇಳಿಕೊಂಡೆ.

ಅವರು ಒಂದು ದೊಡ್ಡ ಹಾಳೆಯನ್ನು ಜಗಲಿಯ ಆ ತುದಿಯ ಗೋಡೆಗೆ ತೂಗುಹಾಕಿದರು. ಮೇಲೆ ಒಂದು ದೊಡ್ಡ ಅಕ್ಷರ, ಕೆಳಗೆ ಬರುತ್ತ ಬರುತ್ತ ಸಣ್ಣವು. ನಮ್ಮನ್ನು ಈ ತುದಿಯಲ್ಲಿ ನಿಲ್ಲಿಸಿ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರು. ತರಗತಿಗೇ ಮೊದಲಿಗನಾಗಿದ್ದ ಹುಡುಗ ಎರಡನೆಯ ಸಾಲಿನಲ್ಲೇ ತಡವರಿಸಿದ. ಅವನು ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುತ್ತಿದ್ದವನು, ಅದನ್ನು ಎಲ್ಲರೂ ಭಕ್ತಿ ಎಂದುಕೊಂಡಿದ್ದರು. ಡಾಕ್ಟರು ಅವನ ತಲೆ ಸವರಿ ಕನ್ನಡಕಕ್ಕೆ ಬರೆದುಕೊಂಡರು.

ನನ್ನ ಸರದಿ ಬಂತು. ಹಾಳೆ ದೂರದಲ್ಲಿತ್ತು, ನನಗೆ ಎಲ್ಲವೂ ಕಾಣುತ್ತಿತ್ತು. ಕಾಣುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಆದರೆ ಸುಳ್ಳಿ ಎಂದು ಪೆಟ್ಟು ತಿನ್ನುತ್ತಿದ್ದವಳಿಗೆ ಸುಳ್ಳು ಹೇಳುವುದೆಂದರೆ ಮೈ ಉರಿಯುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಓದಿದೆ. ಹಾಳೆಯ ಅಂಚಿನಲ್ಲಿ ಅಚ್ಚುಹಾಕಿದವರ ಹೆಸರು ಇರುತ್ತದಲ್ಲ, ಆ ಇರುವೆಯಂಥ ಅಕ್ಷರಗಳನ್ನೂ ಬಿಡಲಿಲ್ಲ.

"ಭಲೇ! ಹದ್ದಿನ ಕಣ್ಣಮ್ಮಾ ನಿನ್ನದು" ಎಂದರು ಡಾಕ್ಟರು.

"ಸಾರ್, ಪುಸ್ತಕ ಕಾಣುವುದಿಲ್ಲ" ಎಂದೆ.

ಅವರು ನಕ್ಕು ಮಾಷ್ಟ್ರ ಕಡೆ ನೋಡಿದರು. "ಪುಸ್ತಕ ಯಾವ ಪಿಳ್ಳೆಗೆ ಕಾಣುತ್ತೆ ಹೇಳಿ! ಕಣ್ಣಿನಲ್ಲಿ ಒಂದು ದೋಷ ಇಲ್ಲ ಮೇಷ್ಟ್ರೇ." ಹೀಗೆ ಹೇಳಿ ಕಾಫಿ ಕುಡಿದು ಜೀಪು ಹತ್ತಿದರು. ಅವರ ಮೇಲೆ ನನಗಿರುವಷ್ಟು ಕೋಪ ಮಾಷ್ಟ್ರ ಮೇಲೂ ಇಲ್ಲ. ಕೈಯಲ್ಲಿದ್ದ ಯಾವುದಾದರೂ ಕಾಗದ ಕೊಟ್ಟು ಎರಡು ಸಾಲು ಓದು ಮಗು ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಜೀಪಿನ ಸದ್ದು ತಿರುವಿನಲ್ಲಿ ಅಡಗಿತು. ಮಾಷ್ಟ್ರು ಒಳಗೆ ಬಂದು ಬಾಗಿಲು ಹಾಕಿದರು. ಇಷ್ಟು ದಿನ ಅವರಿಗೆ ಎಲ್ಲೋ ಒಂದು ಕಾಳಿನಷ್ಟು ಅನುಮಾನ ಇದ್ದಿರಬೇಕು, ಅದೂ ಹೋಗಿತ್ತು. ಪಾಠ ತೆಗೆಸಿದರು. ಮೊದಲ ಸಾಲು ಓದಿದೆ. ಎರಡನೆಯದರಲ್ಲಿ ನಿಂತೆ. ಅವರು ನನ್ನ ಎಡಗೈಯನ್ನು ಮೇಜಿನ ಮೇಲೆ ಮಗುಚಿ ಹಿಡಿದು ಗೆಣ್ಣುಗಳ ಮೇಲೆ ಬೆತ್ತ ಇಳಿಸಿದರು. "ನಾಟಕ! ಸರ್ಕಾರದ ಡಾಕ್ಟರ ಮುಂದೆ ನಾಟಕ!" ಎಂದು ಒಂದೊಂದು ಪೆಟ್ಟಿಗೂ ಕೂಗಿದರು. ಕಿರುಬೆರಳಲ್ಲಿ ಹಸಿ ಕಡ್ಡಿ ಮುರಿದ ಸದ್ದಾಯಿತು. ಸದ್ದು ನನಗೆ ಕೇಳಿಸಿತು, ಮುಂದಿನ ಬೆಂಚಿನವರಿಗೂ ಕೇಳಿಸಿತು, ಮಾಷ್ಟ್ರಿಗೆ ಕೇಳಿಸಲಿಲ್ಲ. ನಾನು ಅವರ ಮಣಿಕಟ್ಟಿಗೆ ಬಾಯಿ ಹಾಕಿ ಹಲ್ಲು ಊರುವಷ್ಟು ಕಚ್ಚಿದೆ. ರಕ್ತದ ರುಚಿ ಬಂತು, ಬಿಡಲಿಲ್ಲ. ನನ್ನ ಜಡೆ ಹಿಡಿದೆಳೆದು ಬಿಡಿಸಬೇಕಾಯಿತು.

ಮಾಷ್ಟ್ರನ್ನು ಕಚ್ಚಿದ ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಆ ಸಂಜೆ ಅಪ್ಪ ಸೊಂಟದ ಪಟ್ಟಿ ಬಿಚ್ಚಿದ. ಪಲ್ಟನ್ನಿನ ಪಟ್ಟಿ, ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ. ಅವ್ವ ಅಡ್ಡ ಬಂದಳು, ಅವಳಿಗೂ ಬಿತ್ತು. ಬೆರಳು ಬಾತು ಬದನೆಕಾಯಿಯಾಗಿದ್ದನ್ನು ಅವ್ವ ನೋಡಿದ್ದು ಮಾರನೆಯ ಬೆಳಿಗ್ಗೆ. ಬಿದಿರಿನ ಸೀಳು ಕಟ್ಟಿದಳು. ಅದು ಕೂಡಿಕೊಂಡದ್ದು ಸೊಟ್ಟಗೆ. ತಲೆನೋವೆಂದು ಅತ್ತರೆ ಕರಿಮೆಣಸು ಅರೆದು ಹಣೆಗೆ ಮೆತ್ತುತ್ತಿದ್ದಳು, ಅದು ಬೆವರಿನೊಡನೆ ಕಣ್ಣಿಗಿಳಿದು ಬೆಂಕಿಯಾಗುತ್ತಿತ್ತು. ಪ್ರೀತಿಯಿಂದ ಮಾಡಿದ್ದೂ ನೋವೇ ಆಗುತ್ತಿದ್ದ ಕಾಲ ಅದು. ಪರೀಕ್ಷೆ ಹತ್ತಿರವಾಗುತ್ತಿತ್ತು.

ಅಪ್ಪನ ಕಣ್ಣಿಗೂ ವಯಸ್ಸು ಬರುತ್ತಿದ್ದುದನ್ನು ನಾನು ಮೊದಲು ಕಂಡದ್ದು ಕೋವಿಯಲ್ಲಿ. ಮದ್ದಿಗೆ ಕಿಡಿ ಕೊಡುವ ಕೇಪು ಎಂದರೆ ತಾಮ್ರದ ಪುಟ್ಟ ಟೋಪಿ, ಕಡಲೆಕಾಳಿಗಿಂತ ಸಣ್ಣದು. ಅದನ್ನು ಸುತ್ತಿಗೆಯಂತೆ ಬಡಿಯುವ ಕುದುರೆಯ ಕೆಳಗಿನ ಮೊಳೆಯ ಮೇಲೆ ಕೂರಿಸಬೇಕು. ಅಪ್ಪ ಅದನ್ನು ಕೂರಿಸಲಾರದೆ ಮತ್ತೆ ಮತ್ತೆ ಬೀಳಿಸತೊಡಗಿದ. ಕೋವಿಯನ್ನು ತೋಳುದ್ದಕ್ಕೆ ಹಿಡಿದು, ತಲೆ ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಂದು ಸಲ ಗದ್ದೆಗೆ ಹಂದಿ ನುಗ್ಗಿದಾಗ ಕೇಪು ಕೂರದೆ, ಹಂದಿ ನಮ್ಮ ನಾಯಿಯ ಹೊಟ್ಟೆ ಸೀಳಿ ಓಡಿತು. ಅಪ್ಪ ಗುಂಡು ಹಾರದ ಕೋವಿಯನ್ನೇ ದೊಣ್ಣೆ ಮಾಡಿ ಬಾಳೆಗಿಡಗಳನ್ನು ಚಚ್ಚಿ ಹಾಕಿದ. ಆಮೇಲೆ ಹೋಗಿ ನಾಯಿಯನ್ನು ಹುಗಿದ.

ಆ ವಾರ ನಾಪೋಕ್ಲು ಸಂತೆಗೆ ಹೋಗಿ ಒಂದು ಕನ್ನಡಕ ತಂದ. ನೆಲಕ್ಕೆ ಬಟ್ಟೆ ಹಾಸಿ ಬಾಚಣಿಗೆ, ಕನ್ನಡಿ, ಬೀಗಗಳ ಜೊತೆಗೆ ಕನ್ನಡಕಗಳನ್ನೂ ಗುಡ್ಡೆ ಹಾಕಿ ಮಾರುವವರಿದ್ದರು. ಒಂದೊಂದನ್ನೇ ಹಾಕಿ ಹರಕು ಪೇಪರು ನೋಡುವುದು, ಯಾವುದರಲ್ಲಿ ಅಕ್ಷರ ಕಂಡಿತೋ ಅದನ್ನು ತರುವುದು. ತಂದದ್ದನ್ನು ಅಪ್ಪ ಯಾರಿಗೂ ತೋರಿಸಲಿಲ್ಲ. ಪಲ್ಟನ್ನಿನಲ್ಲಿ ಗುರಿಗಾರನೆನಿಸಿಕೊಂಡವನ ಮೂಗಿನ ಮೇಲೆ ಗಾಜು ಕಂಡರೆ ಮರ್ಯಾದೆ ಏನಾಗಬೇಕು? ಒಳಕೋಣೆಯಲ್ಲಿ ಕೋವಿಯ ಹಿಂದೆ ಅಡಗಿಸಿಟ್ಟ.

ಒಂದು ಮಧ್ಯಾಹ್ನ ಅಪ್ಪ ತೋಟದಲ್ಲಿದ್ದಾಗ ನಾನು ಅದನ್ನು ತೆಗೆದು ಹಾಕಿಕೊಂಡೆ. ಯಾವ ಆಸೆಯಿಂದಲೂ ಅಲ್ಲ, ಬರೀ ತುಂಟತನದಿಂದ. ಬಾಗಿಲಾಚೆ ನೋಡಿದೆ, ಗದ್ದೆ ಗುಡ್ಡ ಎಲ್ಲ ಎಂದಿನಷ್ಟು ಚೆನ್ನಾಗಿರಲಿಲ್ಲ. ತೆಗೆಯಬೇಕೆನ್ನುವಷ್ಟರಲ್ಲಿ ನನ್ನ ಕೈ ಕಣ್ಣಿಗೆ ಬಿತ್ತು. ಅಂಗೈಯಲ್ಲಿ ಗೆರೆಗಳಿದ್ದವು. ಗೆರೆಗಳೊಳಗೆ ಇನ್ನೂ ಸಣ್ಣ ಗೆರೆಗಳು. ಉಗುರಿನ ಬುಡದಲ್ಲಿ ಮಣ್ಣಿತ್ತು. ಓಡಿಹೋಗಿ ಪುಸ್ತಕ ತಂದು ಮಡಿಲಲ್ಲಿ ತೆರೆದೆ. ಮೊದಲ ಸಾಲು ಓದಿದೆ, ಎರಡನೆಯದು ಓದಿದೆ. ಅಕ್ಷರ ಅಲ್ಲಾಡಲಿಲ್ಲ. ಪುಟ ಮುಗಿಯಿತು, ಇನ್ನೊಂದು ಪುಟ, ಇನ್ನೊಂದು. ಹಣೆಯಲ್ಲಿ ಉಳಿಯ ಪೆಟ್ಟಿಲ್ಲ. ನನಗೆ ಅಳು ಬಂತು, ಅತ್ತರೆ ಗಾಜು ಮಸುಕಾಗುತ್ತದೆಂದು ಅಳು ನುಂಗಿ ಗಟ್ಟಿಯಾಗಿ ಓದಿದೆ. ಅಷ್ಟು ಗಟ್ಟಿಯಾಗಿ ಓದಿದ್ದರಿಂದ ಅಪ್ಪನ ಹೆಜ್ಜೆಯ ಸದ್ದು ಕೇಳಿಸಲಿಲ್ಲ.

ಮೊದಲ ಏಟು ಹಿಂದಿನಿಂದ ತಲೆಗೆ ಬಿತ್ತು. ತನ್ನ ಗುಟ್ಟಿನ ವಸ್ತು ನನ್ನ ಮೂಗಿನ ಮೇಲೆ ನೋಡಿ ಅಪ್ಪ ಹುಚ್ಚನಂತಾಗಿದ್ದ. ನಾನು ಎರಡೂ ಕೈಯಲ್ಲಿ ಕನ್ನಡಕ ಅದುಮಿ ಹಿಡಿದು ಓದುತ್ತಲೇ ಇದ್ದೆ. ಬೆನ್ನಿಗೆ ಬಿತ್ತು, ಓದಿದೆ. ಕಾಲಲ್ಲಿ ಒದ್ದ, ನೆಲಕ್ಕುರುಳಿ ಮಲಗಿಯೇ ಓದಿದೆ. ನಿಲ್ಲಿಸಿದರೆ ಮತ್ತೆಂದೂ ಯಾರೂ ನಂಬುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಪ್ಪನ ಕಾಲು ನಿಂತಿತು. "ಬಾಯಿಪಾಠ ಮಾಡಿ ಹೇಳ್ದಾ?" ಎಂದ.

ಮೂಲೆಯಲ್ಲಿ ಒಣಮೀನು ಕಟ್ಟಿ ತಂದ ಪೇಪರಿನ ಚೂರು ಬಿದ್ದಿತ್ತು. ಅದನ್ನು ನನ್ನ ಮುಖಕ್ಕೆ ಎಸೆದ. ಓದಿದೆ. ಯಾವುದೋ ಊರಿನ ಅಕ್ಕಿ ಧಾರಣೆಯ ಸುದ್ದಿ. ನಾನು ಓದಿದ್ದು ಅದರಲ್ಲಿ ಇದೆಯೋ ಇಲ್ಲವೋ ನೋಡಬೇಕೆಂದರೆ ಅಪ್ಪನಿಗೆ ಕನ್ನಡಕ ಬೇಕು. ನನ್ನ ಮೂಗಿನಿಂದ ಕಿತ್ತು ಹಾಕಿಕೊಂಡ. ಸರಿಯಾಗಿತ್ತು. ಕೆಳಗಿನ ಒಂದು ಸಾಲಿಗೆ ಬೆರಳಿಟ್ಟು "ಇದ್ ಓದ್" ಎಂದ. "ಕಾಣ್ದುಲೆ" ಎಂದೆ. ಕೈ ಎತ್ತಿದವನು ತಡೆದು, ಕನ್ನಡಕ ತೆಗೆದು ನನಗೆ ಹಾಕಿದ. ಓದಿದೆ. ಮತ್ತೆ ಕಿತ್ತು ತಾನು ಹಾಕಿಕೊಂಡು ನೋಡಿದ. ಹೀಗೆ ಆ ಕನ್ನಡಕ ಅಪ್ಪನ ಮುಖಕ್ಕೂ ನನ್ನ ಮುಖಕ್ಕೂ ಎಷ್ಟು ಸಲ ಓಡಾಡಿತೋ. ಬೇರೆ ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಕೊನೆಗೆ ಅಪ್ಪ ಕನ್ನಡಕವಿಲ್ಲದೆ ಪೇಪರು ಹಿಡಿದು ನೋಡಿದ. ಬಾಗಿಲಾಚೆ ಗುಡ್ಡ ನೋಡಿದ. ಮತ್ತೆ ಪೇಪರು ನೋಡಿದ.

"ನಿಂಗೂ ಹಿಂಗೇನಾ?"

"ಮೊದ್ಲಿಂದ್ಲೂ ಹಿಂಗೇ, ಅಪ್ಪಾ. ನಾ ಹೇಳಿದ್ದೆ."

ಅಪ್ಪ ಗೋಡೆಗೆ ಹಣೆ ಚಚ್ಚಿಕೊಂಡ. ಮಣ್ಣಿನ ಗೋಡೆ, ಸುಣ್ಣ ಉದುರಿತು. ಅವ್ವ ಓಡಿಬಂದು ಕಿರುಚಿದಳು. ನಾನು ತಡೆಯಲಿಲ್ಲ. ಚಚ್ಚಿಕೊಳ್ಳಲಿ ಅನಿಸಿತು.

ಮರುದಿನ ಅಪ್ಪ ಕನ್ನಡಕದ ಎರಡೂ ಕಡ್ಡಿಗೆ ನೂಲು ಕಟ್ಟಿ ನನ್ನ ತಲೆಯ ಹಿಂದೆ ಬಿಗಿದು ಶಾಲೆಗೆ ಕರೆತಂದ. ಕನ್ನಡಕ ನನ್ನ ಮುಖಕ್ಕಿಂತ ದೊಡ್ಡದಿತ್ತು. ಮಕ್ಕಳು ನಕ್ಕರು. ಅಪ್ಪ ಬಾಗಿಲಲ್ಲಿ ನಿಂತು "ಒಂದು ಪಾಠ ಓದಿಸಿ, ಮಾಷ್ಟ್ರೇ" ಎಂದ. ಮಾಷ್ಟ್ರು ಬೇಕೆಂದೇ ಇನ್ನೂ ಮಾಡದ ಪಾಠ ತೆಗೆದುಕೊಟ್ಟರು. ನಿಂತು ಓದಿದೆ. ಎಲ್ಲೂ ತಡೆಯದೆ ಕೊನೆಯವರೆಗೆ ಓದಿ ಪುಸ್ತಕ ಮುಚ್ಚಿದೆ.

ಮಾಷ್ಟ್ರ ಮುಖ ಅರಳಿತು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಬೆತ್ತ ಎತ್ತಿ ಮಕ್ಕಳಿಗೆಲ್ಲ ತೋರಿಸಿದರು.

"ನೋಡಿದಿರಾ? ಇದರ ಮಹಿಮೆ! ಇವಳಿಗೆ ವಿದ್ಯೆ ಬಂದದ್ದು ಇದರಿಂದ. ಮುಖದ ಮೇಲಿನ ಆ ವೇಷ ತೆಗೆಸಿ, ಗೌಡ್ರೇ, ಅವಳಿಗೆ ಅದು ಬೇಡ."

ಅಪ್ಪ ಒಳಗೆ ಬಂದ. ನನ್ನ ಕೈಯಿಂದ ಪುಸ್ತಕ ತೆಗೆದು ತೆರೆದು, ಮಾಷ್ಟ್ರ ಕುತ್ತಿಗೆಯ ಹಿಂಭಾಗ ಹಿಡಿದು, ಪುಸ್ತಕವನ್ನು ಅವರ ಮೂಗಿಗೆ ಅದುಮಿದ.

"ಓದಿ."

"ಏನಿದು! ಬಿಡಿ ಗೌಡ್ರೇ! ಇಷ್ಟು ಹತ್ತಿರ ಇಟ್ಟರೆ ಹೇಗೆ ಕಾಣುತ್ತೆ?"

"ನನ್ನ ಗೂಡೆಗೆ ಪುಸ್ತಕ ಕೈಯಲ್ಲಿ ಹಿಡಿದರೂ ಹೀಗೇ. ಓದಿ!" ಅಪ್ಪ ಅವರ ತಲೆಯನ್ನು ಪುಸ್ತಕ ಸಮೇತ ಕರಿಹಲಗೆಗೆ ಒತ್ತಿದ. ಮಾಷ್ಟ್ರ ಮೂಗಿನಿಂದ ರಕ್ತ ಬಂದು ಪುಟದ ಮೇಲೆ ಬಿತ್ತು. ಚಿಕ್ಕ ಮಕ್ಕಳು ಅಳತೊಡಗಿದವು. ಅವರು ಉಸಿರುಗಟ್ಟಿ ಹೇಳಿದರು:

"ಕಣ್ಣು ಸರಿ ಅಂತ ಡಾಕ್ಟರೇ ಹೇಳಿದರು! ಎಲ್ಲಿಗೆ ಬೇಕಾದರೂ ಹೊಡೀರಿ ಅಂತ ಹೇಳಿದ್ದು ನೀವೇ!"

ಅಪ್ಪನ ಕೈ ಸಡಿಲವಾಯಿತು. ಮಾಷ್ಟ್ರು ಗೋಡೆಗೊರಗಿ ಪಂಚೆಯ ತುದಿಯಿಂದ ಮೂಗು ಒತ್ತಿಕೊಂಡರು.

"ಹೌದು. ನಾನೇ ಹೇಳಿದ್ದ್" ಎಂದ ಅಪ್ಪ.

ಬಗ್ಗಿ ನೆಲದ ಮೇಲೆ ಬಿದ್ದಿದ್ದ ಬೆತ್ತ ತೆಗೆದುಕೊಂಡ. ಮಾಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಪ್ಪ ಅವರ ಕಡೆ ನೋಡಲೂ ಇಲ್ಲ. ಬೆತ್ತವನ್ನು ನನ್ನ ಕೈಗೆ ಕೊಟ್ಟು, ನನ್ನೆದುರು ಮಂಡಿಯೂರಿ, ತನ್ನ ಬಲ ಅಂಗೈ ಚಾಚಿದ.

"ಹೊಡಿ."

ಇಡೀ ಶಾಲೆ ನೋಡುತ್ತಿತ್ತು. ಇಂಥ ಕಡೆ ಕಥೆಗಳಲ್ಲಿ ಮಗಳು ಬೆತ್ತ ಎಸೆದು ಅಪ್ಪನ ಕೊರಳು ತಬ್ಬುತ್ತಾಳೆ. ನಾನು ತಬ್ಬಲಿಲ್ಲ, ಹೊಡೆದೆ. ಮೊದಲನೆಯದು ಮೆಲ್ಲಗೆ ಬಿತ್ತು. ಅದರ ಸದ್ದು ಕೇಳಿ ನನಗೆ ಎಲ್ಲ ನೆನಪಾಯಿತು. ಎರಡನೆಯದನ್ನು ತುದಿಗಾಲಲ್ಲಿ ನಿಂತು, ಬೆತ್ತ ಹೆಗಲ ಹಿಂದಕ್ಕೆ ಹೋಗುವಷ್ಟು ಎತ್ತಿ ಹೊಡೆದೆ. ಎಲ್ಲಿ ಬಿದ್ದರೆ ಹೆಚ್ಚು ನೋಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅಲ್ಲಿಗೇ ಹೊಡೆದೆ. ಚರ್ಮ ಬಿರಿಯಿತು. "ಬೇಡ ಮಗೂ, ಸಾಕು" ಎಂದರು ಮಾಷ್ಟ್ರು ಹಿಂದಿನಿಂದ. "ನೀವು ಸುಮ್ಮನಿರಿ" ಎಂದ ಅಪ್ಪ. ಹೊಡೆಯುತ್ತ ನಾನು ಅಳುತ್ತಿದ್ದೆ, ಗಾಜು ಮಸುಕಾಗಿ ಏನೂ ಕಾಣುತ್ತಿರಲಿಲ್ಲ. ತೋಳು ಸೋತು ನಿಂತೆ.

ಅಪ್ಪ ಕೈ ಹಿಂದಕ್ಕೆಳೆದಿರಲಿಲ್ಲ. ಅವನ ಕಣ್ಣಿನಿಂದ ಇಳಿದ ನೀರು ಮೀಸೆಯಲ್ಲಿ ನಿಂತಿತ್ತು.

"ಸಾಕಾ?" ಎಂದು ಕೇಳಿದ.

"ಇಲ್ಲೆ" ಎಂದೆ.

ಅಪ್ಪ ಎಡಗೈ ಚಾಚಿದ.